ಅಮ್ಮನದು ಮೂಲವ್ಯಾಧಿಯಲ್ಲವಂತೆ

ಮಂಡ್ಯದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 68. ಎರಡು ದಿನ ಭೇದಿಯಾಗಿ ನಿತ್ರಾಣವಾಗಿದ್ದರೂ ಬಿ.ಪಿ. ಮಾತ್ರೆ ಬಿಟ್ಟಿರಲಿಲ್ಲ. ಮೊನ್ನೆ ರಾತ್ರಿ ಅರ್ಧ ಮುದ್ದೆ ಉಂಡು ಎದ್ದವರಿಗೆ ಎಡಹೊಟ್ಟೆ ಹಿಂಡಿದಂತೆ ನೋವು, ಬೆಳಗ್ಗೆ ಮಲದಲ್ಲಿ ರಕ್ತ. ಮೂಲವ್ಯಾಧಿಯೆಂದು ಮಜ್ಜಿಗೆ ಕುಡಿಸಿ ಅರ್ಧ ದಿನ ಕಳೆದೆವು, ನಮ್ಮ ಬುದ್ಧಿ! ಸಿ.ಟಿ. ಸ್ಕ್ಯಾನ್ ನೋಡಿದ ವೈದ್ಯರು ದೊಡ್ಡ ಕರುಳಿಗೆ ರಕ್ತ ಸಾಲದೆ ಊದಿದೆ ಎಂದರು. ಆಪರೇಷನ್ ಬೇಕಾಗುತ್ತದೆಯೇ?

ಉತ್ತರ (ನಿವೃತ್ತ ನರ್ಸ್, ಮೈಸೂರು): ಮೈಯಲ್ಲಿ ನೀರು ಬತ್ತಿ ರಕ್ತದೊತ್ತಡ ಇಳಿದರೆ ಕರುಳಿನ ಎಡಮೇಲಿನ ತಿರುವಿಗೆ ಬೇಗ ಪೆಟ್ಟು ಬೀಳುತ್ತದೆ, ನಿಮ್ಮ ಕಡೆ ನಾಲೆಯ ಕೊನೆಯ ಗದ್ದೆ ಒಣಗುವ ಹಾಗೆ. ಹೆಚ್ಚಿನವರು ಡ್ರಿಪ್ ಹಾಕಿ ಕರುಳಿಗೆ ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಹೊಟ್ಟೆ ಕಲ್ಲಿನಂತೆ ಬಿಗಿದರೆ, ಜ್ವರ ಏರಿದರೆ ತಕ್ಷಣ ಹೇಳಿ. ಶಸ್ತ್ರಚಿಕಿತ್ಸೆಯ ಮಾತು ಬರುವುದು ಆಗ.

ಇನ್ನೊಬ್ಬರು: ಬಿ.ಪಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಭೇದಿಯಾದ ದಿನವೇ ವೈದ್ಯರನ್ನು ಕೇಳಿ.

ಪ್ರಶ್ನೆ ಕೇಳಿದವರು: ಇಂದು ಗಂಜಿ ಕೊಟ್ಟರು. ಅಮ್ಮ ಆಗಲೇ ಮುದ್ದೆ ಕೇಳುತ್ತಿದ್ದಾರೆ.