ಒಂದು ಪುಚ್ಚೆ (ಬೆಕ್ಕು) ಮರಿ ಮಾತ್ರ ಕುಡಿದವರ ಹಾಗೆ ನಡೆಯುತ್ತದೆ, ಯಾಕೆ?

ಪೆರ್ಲದ ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಮನೆಯ ಪುಚ್ಚೆ ಅಟ್ಟದಲ್ಲಿ ಮೂರು ಮರಿ ಹಾಕಿತ್ತು. ಈಗ ಎರಡು ತಿಂಗಳಾಯಿತು. ಎರಡು ಮರಿಗಳು ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ಮೇಲೆಯೇ ಓಡುತ್ತವೆ. ಕಾಲಡಿ ಅಡಿಕೆ ಉರುಳಿದರೂ ಬೀಳುವುದಿಲ್ಲ. ಮೂರನೆಯದು ಹಳದಿ ಮರಿ. ಅದು ಚಾವಡಿಯ ಸಮ ನೆಲದಲ್ಲೇ ನಾಲ್ಕು ಹೆಜ್ಜೆ ಇಟ್ಟು ಬೀಳುತ್ತದೆ.

ಕಾಲನ್ನು ತುಂಬ ಮೇಲೆತ್ತಿ ಟಪ್ ಅಂತ ಇಡುತ್ತದೆ. ನಿಲ್ಲುವಾಗ ಕಾಲು ಅಗಲಿಸಿ ನಿಲ್ಲುತ್ತದೆ. ಗೆರಟೆಯಲ್ಲಿ ಹಾಲು ಇಟ್ಟರೆ ಹತ್ತಿರ ಬಂದ ಹಾಗೆ ತಲೆ ಗಡಗಡ ನಡುಗಿ ಮೂಗು ಹಾಲಿಗೆ ಮುಳುಗುತ್ತದೆ. ಮಲಗಿದಾಗ ನಡುಕವೇ ಇಲ್ಲ. ಶಕ್ತಿ ಇಲ್ಲ ಅಂತ ಹೇಳುವ ಹಾಗೂ ಇಲ್ಲ, ನನ್ನ ಸೀರೆ ಹಿಡಿದು ಸೊಂಟದವರೆಗೆ ಹತ್ತುತ್ತದೆ! ಇದು ಬದುಕಲಿಕ್ಕಿಲ್ಲ ಅಂತ ಅತ್ತೆ ಹೇಳುತ್ತಾರೆ. ನನಗೆ ಅದನ್ನು ಹಾಗೆ ಬಿಡಲು ಮನಸ್ಸಿಲ್ಲ. ಯಾಕೆ ಹೀಗೆ, ಯಾರಿಗಾದರೂ ಗೊತ್ತಾ?

ಕುಂಬಳೆ ಕಡಲು:
ಅಕ್ಕಾ, ಅಟ್ಟದಿಂದ ಬಿದ್ದು ಪೆಟ್ಟಾಗಿದೆಯಾ? ಇಲ್ಲದಿದ್ದರೆ ಕ್ಯಾಲ್ಸಿಯಂ ಕಡಿಮೆ ಇರಬಹುದು.

ಪೆರ್ಲದ ತೋಟದಮನೆ:
ಬಿದ್ದದ್ದು ನಾವು ನೋಡಿಲ್ಲ. ನಡೆಯಲು ಶುರು ಮಾಡಿದ ದಿನದಿಂದಲೂ ಹೀಗೆಯೇ. ಜಾಸ್ತಿಯೂ ಆಗಿಲ್ಲ, ಕಡಿಮೆಯೂ ಆಗಿಲ್ಲ.

ಮುಳ್ಳೇರಿಯ ಮಾಷ್ಟ್ರು:
ತಂಗೀ, ನೀವು ಎಷ್ಟು ಚೆನ್ನಾಗಿ ಗಮನಿಸಿದ್ದೀರಿ ಅಂದರೆ ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ನಾನು ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು, ಪಶುವೈದ್ಯ ಅಲ್ಲ. ಆದರೂ ಹೇಳುತ್ತೇನೆ. ಮರಿಯ ಕಾಲಿಗೆ ಬಲ ಇದೆ, ಅಳತೆ ತಪ್ಪುತ್ತಿದೆ. ಈ ಅಳತೆಯನ್ನು ನೋಡಿಕೊಳ್ಳುವುದು ತಲೆಯ ಹಿಂಬದಿಯಲ್ಲಿರುವ ಕಿರುಮೆದುಳು.

ಹೆಜ್ಜೆಯ ತಾಳ ಹುಟ್ಟುವುದು ಬೆನ್ನುಹುರಿಯಲ್ಲಿ. ಮೆದುಳಿನ ಸಂಪರ್ಕ ಕಡಿದರೂ ಬೆಕ್ಕಿನ ಬೆನ್ನುಹುರಿ ಕಾಲನ್ನು ಮಡಚುವ, ನೀಡುವ ಸ್ನಾಯುಗಳನ್ನು ಸರದಿಯಲ್ಲಿ ಬಿಗಿಸುತ್ತದೆ ಅಂತ ಗ್ರಹಾಂ ಬ್ರೌನ್ ಎಂಬ ವಿಜ್ಞಾನಿ 1911ರಲ್ಲಿ ತೋರಿಸಿದರು. ನಿಮ್ಮ ಮರಿಗೆ ನಡಿಗೆ ಬಂದದ್ದು ಹಾಗೆ. ಆದರೆ ಬರೀ ತಾಳ ಸಾಲದಲ್ಲ, ಕಾಲಡಿಯ ನೆಲ ಒಂದೇ ರೀತಿ ಇರುವುದಿಲ್ಲ. ಕಾಲು ಗಾಳಿಯಲ್ಲಿರುವಾಗ ಕಿರುಮೆದುಳಿಗೆ ಎರಡು ಸುದ್ದಿ ಹೋಗುತ್ತದೆ. ಕಾಲಿಗೆ ಏನು ಅಪ್ಪಣೆ ಆಗಿದೆ ಅಂತ ಬೆನ್ನುಹುರಿಯಿಂದ ಒಂದು. ಕಾಲು ನಿಜವಾಗಿ ಎಲ್ಲಿದೆ ಅಂತ ಸ್ನಾಯು, ಕೀಲುಗಳಿಂದ ಇನ್ನೊಂದು. ಎರಡನ್ನೂ ಹೋಲಿಸಿ ವ್ಯತ್ಯಾಸ ಇದ್ದರೆ ಅದು ಕೂಡಲೇ ತಿದ್ದುತ್ತದೆ. ಬೆಕ್ಕಿಗೆ ಇದರ ಸುಳಿವೇ ಇರುವುದಿಲ್ಲ.

ಈಗ ಆ 'ಟಪ್' ಶಬ್ದಕ್ಕೆ ಬರೋಣ. ಕಾಲು ಎತ್ತುವ ಸ್ನಾಯುವಿಗೆ ಎದುರಾಗಿ ಇನ್ನೊಂದು ಸ್ನಾಯು ಇದೆ, ಬ್ರೇಕ್ ಇದ್ದ ಹಾಗೆ. ಅದು ಸರಿಯಾದ ಗಳಿಗೆಗೆ ಬಿಗಿಯಾಗಬೇಕು. ಕಿರುಮೆದುಳು ಕೈಕೊಟ್ಟರೆ ಬ್ರೇಕ್ ತಡವಾಗುತ್ತದೆ, ಕಾಲು ಅಳತೆ ಮೀರಿ ಮೇಲೆ ಹೋಗುತ್ತದೆ. ಹಾಲಿನ ಹತ್ತಿರ ತಲೆ ನಡುಗುವುದೂ ಇದೇ ಕತೆ. ಮುಂದೆ ಹೋಗಿ ಗುರಿ ತಪ್ಪುತ್ತದೆ, ಹಿಂದೆ ಬರುತ್ತದೆ, ಮತ್ತೆ ತಪ್ಪುತ್ತದೆ. ನಿದ್ರೆಯಲ್ಲಿ ಗುರಿಯೇ ಇಲ್ಲ, ಹಾಗಾಗಿ ನಡುಕವೂ ಇಲ್ಲ. ಇನ್ನು 'ಕುಡಿದವರ ಹಾಗೆ' ಅಂದಿರಲ್ಲ, ಆ ಮಾತು ನೂರಕ್ಕೆ ನೂರು ಸರಿ. ಮದ್ಯ ಬೇಗ ಕೆಡಿಸುವುದರಲ್ಲಿ ಕಿರುಮೆದುಳಿನ ಕೆಲಸವೂ ಒಂದು.

ಫ್ರಾನ್ಸಿನ ವಿಜ್ಞಾನಿ ಫ್ಲೂರಾನ್ಸ್ ಪಾರಿವಾಳಗಳ ಕಿರುಮೆದುಳನ್ನು ಚೂರು ಚೂರಾಗಿ ತೆಗೆದು ನೋಡಿ 1824ರಲ್ಲಿ ಬರೆದರು. ಹಕ್ಕಿಗೆ ಲಕ್ವ ಹೊಡೆಯಲಿಲ್ಲ. ರೆಕ್ಕೆ, ಕಾಲು ಎಲ್ಲ ಆಡುತ್ತಿತ್ತು. ಒಂದಕ್ಕೊಂದು ಹೊಂದಿಕೊಂಡು ಆಡುವುದು ಮಾತ್ರ ನಿಂತುಹೋಯಿತು. ಆ ಪ್ರಯೋಗ ಓದುವಾಗ ನನಗೆ ಈಗಲೂ ಸಂಕಟವಾಗುತ್ತದೆ. ಆದರೆ ಬಲ ಬೇರೆ, ಹೊಂದಾಣಿಕೆ ಬೇರೆ ಅಂತ ಸ್ಪಷ್ಟವಾದದ್ದು ಅದರಿಂದಲೇ.

ಮೂರರಲ್ಲಿ ಒಂದಕ್ಕೇ ಯಾಕೆ? ಬೆಕ್ಕುಗಳಲ್ಲಿ ಇದಕ್ಕೆ ಹೆಚ್ಚಾಗಿ ಕಾರಣ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್. ಮರಿ ಹೊಟ್ಟೆಯಲ್ಲಿರುವಾಗ ಅಥವಾ ಹುಟ್ಟಿದ ಹೊಸತರಲ್ಲಿ ತಗಲುತ್ತದೆ. ಭರದಿಂದ ಒಡೆದು ಹೆಚ್ಚುವ ಕೋಶಗಳೇ ಅದಕ್ಕೆ ಬೇಕು. ಹುಟ್ಟುವ ಆಸುಪಾಸಿನಲ್ಲಿ ಕಿರುಮೆದುಳು ಇನ್ನೂ ಕಟ್ಟುತ್ತಾ ಇರುತ್ತದೆ, ಅದರ ಸಣ್ಣ ಸಣ್ಣ ಕೋಶಗಳು ರಾಶಿ ರಾಶಿಯಾಗಿ ಹುಟ್ಟುತ್ತಿರುತ್ತವೆ. ಎಷ್ಟು ರಾಶಿ ಅಂದರೆ, ಮನುಷ್ಯನ ಲೆಕ್ಕ ಹೇಳುತ್ತೇನೆ. ಮೆದುಳಿನ ತೂಕದಲ್ಲಿ ಕಿರುಮೆದುಳು ಸುಮಾರು 10ರಲ್ಲಿ 1 ಪಾಲು. ನರಕೋಶಗಳಲ್ಲಿ ಮಾತ್ರ 5ರಲ್ಲಿ 4 ಪಾಲು ಅಲ್ಲಿಯೇ ಇದೆ! ಒಂದೇ ಹೆರಿಗೆಯ ಮರಿಗಳಲ್ಲಿ ಒಂದಕ್ಕೆ ಪೆಟ್ಟಾಗಿ ಉಳಿದವು ಆರಾಮಾಗಿರುವುದುಂಟು.

ಇದೇ ಕಾರಣವಾಗಿದ್ದರೆ ಮುಂದೆ ಜಾಸ್ತಿ ಆಗುವುದಿಲ್ಲ. ಮರಿಗೆ ನೋವಿಲ್ಲ, ಆಯುಷ್ಯವೂ ಕಡಿಮೆ ಆಗಬೇಕೆಂದಿಲ್ಲ. ಇದನ್ನು ಅತ್ತೆಗೆ ದಯವಿಟ್ಟು ಹೇಳಿ. ಆದರೆ ಒಮ್ಮೆ ಡಾಕ್ಟರಿಗೆ ತೋರಿಸಲೇಬೇಕು. ಕಿವಿಯ ಸೋಂಕು, ವಿಷ, ತಲೆಗೆ ಪೆಟ್ಟು, ಇವುಗಳಲ್ಲೂ ನಡಿಗೆ ತಪ್ಪುತ್ತದೆ. ತಲೆ ಒಂದೇ ಕಡೆ ವಾಲಿದರೆ, ದಿನದಿಂದ ದಿನಕ್ಕೆ ಹೆಚ್ಚಾದರೆ ತಡಮಾಡಬೇಡಿ. ತಾಯಿಗೂ ಮರಿಗಳಿಗೂ ಲಸಿಕೆ ಹಾಕಿಸಿ. ತಾಯಿಯ ಹೊಟ್ಟೆಯಲ್ಲಿ ಮತ್ತೆ ಮರಿ ಇದ್ದರೆ ಮೊದಲೇ ತಿಳಿಸಿ, ಜೀವಂತ ವೈರಸ್ಸಿನ ಲಸಿಕೆ ಆಗ ಕೊಡಬಾರದು.

ಪೆರ್ಲದ ತೋಟದಮನೆ:
ಮಾಷ್ಟ್ರೇ, ಓದಿ ಕಣ್ಣು ತುಂಬಿತು. ಒಂದು ಕೇಳಲಾ? ಅದಕ್ಕೆ ನಡೆಯಲು ಕಲಿಸಬಹುದಾ?

ಮುಳ್ಳೇರಿಯ ಮಾಷ್ಟ್ರು:
ಚಿಕ್ಕಂದಿನಲ್ಲಿ ನಾನು ತೋಟದ ಅಡಿಕೆ ಮರದ ಸಂಕವನ್ನು ಕೂತು ಜಾರಿಕೊಂಡು ದಾಟುತ್ತಿದ್ದೆ. ನಾಲ್ಕು ಮಳೆಗಾಲ ಕಳೆದ ಮೇಲೆ ತಲೆಯಲ್ಲಿ ಹುಲ್ಲಿನ ಕಟ್ಟ ಹೊತ್ತು, ಕೆಳಗೆ ನೋಡದೆ ದಾಟಿದೆ. ತಪ್ಪಿದ ಪ್ರತಿ ಹೆಜ್ಜೆಯಿಂದ ಕಿರುಮೆದುಳು ಕಲಿತದ್ದು ಅದು. ನಿಮ್ಮ ಮರಿಗೆ ಅಷ್ಟು ಕಲಿಯುವುದು ಕಷ್ಟ, ಹೋದ ಕೋಶಗಳು ಮರಳಿ ಬರುವುದಿಲ್ಲ. ಆದರೆ ಕಣ್ಣು, ಮೆದುಳಿನ ಉಳಿದ ಭಾಗ ಎಲ್ಲ ಸೇರಿ ಬೇರೆ ದಾರಿ ಹುಡುಕುತ್ತವೆ. ಕಾಲು ಅಗಲಿಸಿ ನಿಲ್ಲುತ್ತದೆ ಅಂದಿರಲ್ಲ, ಅದು ಮರಿ ತಾನೇ ಕಂಡುಕೊಂಡ ಉಪಾಯ.

ಮಂಜೇಶ್ವರದ ಮಳೆ:
ನಮ್ಮ ಮನೆಯಲ್ಲಿ ಇಂಥದ್ದೇ ಒಂದು ಇದೆ, ಈಗ ಆರು ವರ್ಷ. ಗೋಡೆಗೆ ಒರಗಿಕೊಂಡು ನಡೆಯುತ್ತದೆ. ಅಕ್ಕಾ, ನುಣ್ಣಗಿನ ನೆಲ ಅದಕ್ಕೆ ಆಗುವುದಿಲ್ಲ, ಗೋಣಿ ಹಾಸಿ. ಗೆರಟೆ ಬೇಡ, ಉರುಳುತ್ತದೆ. ಭಾರದ ಅಗಲ ಬಟ್ಟಲು ಇಡಿ, ಸ್ವಲ್ಪ ಎತ್ತರದಲ್ಲಿ. ಬಾವಿಕಟ್ಟೆ ಮತ್ತು ತೋಟದ ಕಣಿಯ ಹತ್ತಿರ ಮಾತ್ರ ಒಂಟಿಯಾಗಿ ಬಿಡಬೇಡಿ. ಮರ ಹತ್ತುತ್ತದೆ, ಇಳಿಯಲು ಗೊತ್ತಾಗುವುದಿಲ್ಲ.

ಪೆರ್ಲದ ತೋಟದಮನೆ:
ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಸುಮ್ನೆ ಕೇಳಿದರು, ಏನೂ ಅನ್ನಲಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಚಾವಡಿಯಿಂದ ಅಡಿಗೆಮನೆ ತನಕ ಗೋಣಿ ಹಾಸಿತ್ತು. ಮರಿ ಅದರ ಮೇಲೆ ಹನ್ನೊಂದು ಹೆಜ್ಜೆ ಬೀಳದೆ ಬಂತು, ನಾನು ಎಣಿಸಿದೆ. ಸೋಮವಾರ ಮೂರೂ ಮರಿಗಳನ್ನು, ತಾಯಿಯನ್ನು ಬುಟ್ಟಿಯಲ್ಲಿ ಡಾಕ್ಟರ ಹತ್ತಿರ ಕೊಂಡುಹೋಗುತ್ತೇವೆ.