1957ರ ಪೋಸ್ಟ್-ಅಂಡ್-ಬೀಮ್ ಮನೆಗೆ ಲಾಸ್ ಏಂಜಲೀಸ್‌ನಲ್ಲಿ ಲ್ಯಾಂಡ್‌ಮಾರ್ಕ್ ಪಟ್ಟ: ಮೊದಲು ಅರ್ಜಿಯೋ, ಮೊದಲು ರಿಪೇರಿಯೋ?

ಗುಡ್ಡದಂಚು ಕೇಳಿದ್ದು:

ಮನೆ ಲಾಸ್ ಏಂಜಲೀಸ್ ನಗರದ ಗಡಿಯೊಳಗೇ ಇದೆ, ಗುಡ್ಡದ ಇಳಿಜಾರಿನಲ್ಲಿ. ಕಟ್ಟಿದ್ದು 1957, ಸುಮಾರು 1,700 ಚದರಡಿ. ಪೋಸ್ಟ್-ಅಂಡ್-ಬೀಮ್ ಅಂದರೆ ಭಾರವೆಲ್ಲ ಮರದ ಕಂಬ, ಮರದ ತೊಲೆಗಳ ಮೇಲೆ; ಚಪ್ಪಟೆ ಮಾಳಿಗೆ, ಹಿಂಬದಿ ಪೂರ್ತಿ ನೆಲದಿಂದ ತೊಲೆಯವರೆಗೆ ಗಾಜು. ಒಳಗೆ ಲುವಾನ್ ಎಂಬ ಮರದ ಪ್ಲೈವುಡ್ ಗೋಡೆಗಳು ಹಾಗೇ ಉಳಿದಿವೆ. ಬದಲಾಗಿರುವುದು ಎರಡು: ಕಾರ್‌ಪೋರ್ಟ್‌ಗೆ (ಕಾರು ನಿಲ್ಲಿಸುವ ತೆರೆದ ಚಾವಣಿ) ಗೋಡೆ ಎಬ್ಬಿಸಿ ಗ್ಯಾರೇಜ್ ಮಾಡಿದ್ದಾರೆ, ತೊಂಬತ್ತರ ದಶಕದಲ್ಲಿ ಅಡುಗೆಮನೆ ಹೊಸದಾಗಿದೆ.

ಮಾಳಿಗೆ ಎರಡು ಕಡೆ ಸೋರುತ್ತಿದೆ. ಮೇಲೆ ಸ್ಪ್ರೇ ಫೋಮ್ ಹೊಡೆದು, ಗಾಜನ್ನೆಲ್ಲ ಡಬಲ್ ಪೇನ್ (ಎರಡು ಪದರದ ಗಾಜು) ಮಾಡಿಬಿಡೋಣ ಅಂತ ಕಾಂಟ್ರಾಕ್ಟರ್ ಅಭಿಪ್ರಾಯ. ನಗರದ ಹಿಸ್ಟಾರಿಕ್-ಕಲ್ಚರಲ್ ಮಾನ್ಯುಮೆಂಟ್ (ಎಚ್‌ಸಿಎಂ) ಎಂಬ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿಸುವ ಯೋಚನೆಯೂ ಇದೆ, ಮಿಲ್ಸ್ ಆಕ್ಟ್ ಎಂಬ ರಾಜ್ಯದ ಕಾಯ್ದೆಯಿಂದ ಆಸ್ತಿ ತೆರಿಗೆ ಇಳಿಯುತ್ತೆ ಅನ್ನುತ್ತಾರೆ. ಯಾವುದು ಮೊದಲು? ಎಪ್ಪತ್ತು ವರ್ಷವೂ ಆಗದ ಮನೆಯನ್ನು ‘ಐತಿಹಾಸಿಕ’ ಅಂತ ಒಪ್ಪುತ್ತಾರಾ?

ಪರ್ಮಿಟ್ ಪುಟ:

ವಯಸ್ಸಿನ ಚಿಂತೆ ಬಿಡಿ. 50 ವರ್ಷದ ಕಟ್ಟಳೆ ಇರುವುದು ನ್ಯಾಷನಲ್ ರಿಜಿಸ್ಟರ್ ಎಂಬ ಕೇಂದ್ರ ಸರ್ಕಾರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ, ನಿಮ್ಮ ಮನೆ ಅದನ್ನೂ ದಾಟಿದೆ. ನಗರದ ಎಚ್‌ಸಿಎಂಗೆ ಕನಿಷ್ಠ ವಯಸ್ಸು ಅಂತಲೇ ಇಲ್ಲ. 1962ರ ನಗರದ ಕಾನೂನು ಕೇಳುವ ಮಾನದಂಡ ಮೂರು, ಒಂದಕ್ಕೆ ಹೊಂದಿದರೂ ಸಾಕು: ಚರಿತ್ರೆಯ ಮುಖ್ಯ ಘಟನೆ ಅಥವಾ ಬೆಳವಣಿಗೆಯ ನಂಟು, ಹೆಸರಾಂತ ವ್ಯಕ್ತಿಯ ಬದುಕಿನ ನಂಟು, ಇಲ್ಲವೇ ಒಂದು ಶೈಲಿ, ಕಾಲ ಅಥವಾ ಕಟ್ಟುವ ವಿಧಾನದ ಒಳ್ಳೆಯ ಮಾದರಿ ಅಥವಾ ದೊಡ್ಡ ವಾಸ್ತುಶಿಲ್ಪಿಯ ಗಮನಾರ್ಹ ಕೆಲಸ. ಈ ಕಾಲದ ಮನೆಗಳೆಲ್ಲ ಸಾಮಾನ್ಯವಾಗಿ ಮೂರನೆಯದರ ಮೇಲೆ ನಿಲ್ಲುತ್ತವೆ.

ಕಾಂಟ್ರಾಕ್ಟರ್‌ಗೆ ಸದ್ಯ ಏನೂ ಮುಟ್ಟಬೇಡಿ ಅಂತ ಹೇಳಿ, ಸೋರುವ ಜಾಗಕ್ಕೆ ತೇಪೆ ಒಂದು ಬಿಟ್ಟು. ಆಮೇಲೆ ನಗರದ ಬಿಲ್ಡಿಂಗ್ ಅಂಡ್ ಸೇಫ್ಟಿ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ನಿಮ್ಮ ವಿಳಾಸಕ್ಕೆ ಕೊಟ್ಟಿರುವ ಪರ್ಮಿಟ್‌ಗಳನ್ನು ಒಂದೂ ಬಿಡದೆ ಇಳಿಸಿಕೊಳ್ಳಿ. 1957ರ ಮೂಲ ಪರ್ಮಿಟ್‌ನಲ್ಲಿ ಮಾಲೀಕ, ಕಾಂಟ್ರಾಕ್ಟರ್, ಅಂದಾಜು ವೆಚ್ಚ ಎಲ್ಲ ಇರುತ್ತೆ. ನೋಡಬೇಕಾದ್ದು ‘ಆರ್ಕಿಟೆಕ್ಟ್’ ಅನ್ನುವ ಖಾನೆ. ಬಾಯಿಮಾತಿನಲ್ಲಿ ‘ಇದು ಇಂಥವರ ಮನೆ’ ಅಂತ ಮಾರಾಟವಾದ ಎಷ್ಟೋ ಮನೆಗಳ ಆ ಖಾನೆಯಲ್ಲಿ ಬೇರೆ ಹೆಸರಿರುತ್ತೆ, ಇಲ್ಲ ಬರೀ ಎಂಜಿನಿಯರ್ ಹೆಸರಿರುತ್ತೆ. ಹೆಸರು ಸಿಗದಿದ್ದರೆ ‘ದೊಡ್ಡವರ ಕೆಲಸ’ ಎಂಬ ವಾದ ಕೈಬಿಟ್ಟು, ‘ಈ ಬಗೆಯ ಕಟ್ಟಡದ ಮಾದರಿ’ ಅಂತ ವಾದ ಕಟ್ಟಿ. ಎರಡನ್ನೂ ಕಲಸಿ ಬರೆದ ಅರ್ಜಿಯೇ ಹೆಚ್ಚಾಗಿ ಮುಗ್ಗರಿಸುವುದು.

ಗ್ಯಾರೇಜಿನ ಪರ್ಮಿಟ್, ಅಡುಗೆಮನೆಯ ಪರ್ಮಿಟ್ ಅದೇ ಕಡತದಲ್ಲಿ ಸಿಗಬೇಕು. ಸಿಗಲಿಲ್ಲವೆಂದರೆ ಪರ್ಮಿಟ್ ಇಲ್ಲದೆ ಆಗಿರಬಹುದು. ಅದನ್ನೂ ಅರ್ಜಿಯಲ್ಲಿ ನೀವೇ ಹೇಳಿಬಿಡಿ. ಬದಲಾವಣೆಗಳನ್ನು ತಾರೀಖು ಸಮೇತ ಬರೆಯುವ ಭಾಗವನ್ನೇ ಸಿಬ್ಬಂದಿ ಮೊದಲು ಓದುವುದು.

ಹಳೆಯ ಫೋಟೋ ಬೇಕಾದರೆ, ಆ ಕಾಲದ ಮನೆಗಳ ಹೆಸರಾಂತ ಛಾಯಾಗ್ರಾಹಕ ಜೂಲಿಯಸ್ ಶುಲ್ಮನ್ ಅವರ ಸಂಗ್ರಹ ಲಾಸ್ ಏಂಜಲೀಸ್‌ನ ಗೆಟ್ಟಿ ಸಂಶೋಧನಾ ಸಂಸ್ಥೆಯಲ್ಲಿದೆ, ವಾಸ್ತುಶಿಲ್ಪಿಯ ಹೆಸರಿನಲ್ಲಿ ಹುಡುಕಿ. ಒಂದು ಎಚ್ಚರ: ಶುಲ್ಮನ್ ಚೌಕಟ್ಟು ತುಂಬಲು ಕ್ಯಾಮೆರಾ ಮುಂದೆ ಕೊಂಬೆ ಹಿಡಿಸುತ್ತಿದ್ದರು, ಪೀಠೋಪಕರಣ ತಂದಿಡಿಸುತ್ತಿದ್ದರು. ಫೋಟೋ ನೋಡಿ ‘ಮೂಲದಲ್ಲಿ ಇಲ್ಲೊಂದು ಮರವಿತ್ತು’ ಅಂತ ಬರೆದು ನಗೆಪಾಟಲಾಗಬೇಡಿ.

ಸರ್ವೇಎಲ್‌ಎ ಅನ್ನುವ ನಗರದ ಸಮೀಕ್ಷೆಯಲ್ಲಿ ನಿಮ್ಮ ಮನೆ ಬಂದಿದೆಯಾ ಅಂತ ಹಿಸ್ಟಾರಿಕ್‌ಪ್ಲೇಸಸ್‌ಎಲ್‌ಎ ಜಾಲತಾಣದಲ್ಲಿ ನೋಡಿ. ‘5ಎಸ್3’ ಎಂಬ ಸಂಕೇತ ಇದ್ದರೆ, ಸ್ಥಳೀಯ ಪಟ್ಟಿಗೆ ಬಿಡಿಯಾಗಿ ಅರ್ಹ ಅಂತ ಸಮೀಕ್ಷೆಯವರೇ ಹೇಳಿದ ಹಾಗೆ. ಅರ್ಧ ಕೆಲಸ ಆಯಿತು.

ಮುಂದಿನ ದಾರಿ ಹೀಗೆ. ಅರ್ಜಿ ನಗರದ ಆಫೀಸ್ ಆಫ್ ಹಿಸ್ಟಾರಿಕ್ ರಿಸೋರ್ಸಸ್‌ಗೆ ಹೋಗುತ್ತೆ. ಐದು ಜನರ ಕಲ್ಚರಲ್ ಹೆರಿಟೇಜ್ ಕಮಿಷನ್ ಮೊದಲ ಸಭೆಯಲ್ಲಿ ‘ಪರಿಗಣನೆಗೆ ತೆಗೆದುಕೊಳ್ಳಬೇಕಾ’ ಅಂತ ಮಾತ್ರ ತೀರ್ಮಾನಿಸುತ್ತೆ. ಹೌದು ಅಂದ ಗಳಿಗೆಯಿಂದ ಕೆಡವುವ, ಮಾರ್ಪಡಿಸುವ ಪರ್ಮಿಟ್‌ಗಳಿಗೆ ತಾತ್ಕಾಲಿಕ ತಡೆ. ನಂತರ ಮನೆಗೆ ಬಂದು ನೋಡುತ್ತಾರೆ, ಎರಡನೇ ಸಭೆಯಲ್ಲಿ ಶಿಫಾರಸು, ಕೊನೆಗೆ ಸಿಟಿ ಕೌನ್ಸಿಲ್ ಮತ. ನೋಡಲು ಬಂದಾಗ ಮೂಲ ಗಾಜು ಕಿತ್ತು ಹಾಕಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ತೊಲೆಕಂಬ:

ಅರ್ಜಿ ವಿಷಯ ಮೇಲಿನವರು ಸರಿಯಾಗಿ ಹೇಳಿದ್ದಾರೆ. ಮಾಳಿಗೆ, ಗಾಜು ನಾನು ಹೇಳ್ತೀನಿ, ಯಾಕಂದ್ರೆ ಈ ಮನೆಗಳು ಪಟ್ಟ ಕಳ್ಕೊಳ್ಳೋದು ಅಲ್ಲೇ.

ನಿಮ್ಮ ಮನೇಲಿ ಒಳಗಿಂದ ಕಾಣೋ ಮರದ ಸೀಲಿಂಗೇ ಮಾಳಿಗೆ ಹಲಗೆ. ನಡುವೆ ಅಟ್ಟ ಇಲ್ಲ. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರೋ ಟಂಗ್ ಅಂಡ್ ಗ್ರೂವ್ ಹಲಗೆ, ಹೆಸರಿಗೆ ಎರಡಿಂಚು, ಅಳೆದ್ರೆ ಒಂದೂವರೆ. ಸಾಮಾನ್ಯ ರೂಫರ್ ಅಭ್ಯಾಸಬಲದ ಮೇಲೆ ಉದ್ದದ ಸ್ಕ್ರೂ ಹೊಡೀತಾನೆ. ಸಂಜೆ ಒಳಗೆ ಬಂದು ತಲೆ ಎತ್ತಿದ್ರೆ ಹಾಲ್ ಸೀಲಿಂಗ್ ತುಂಬ ಮುಳ್ಳು ಮುಳ್ಳಾಗಿ ಸ್ಕ್ರೂ ತುದಿ, ಒಂದೊಂದರ ಸುತ್ತ ಸೀಳಿದ ಮರದ ಸಿಬಿರು. ಅದನ್ನ ಮುಚ್ಚೋಕೆ ಜಿಪ್ಸಮ್ ಬೋರ್ಡ್ ಹಾಕಿದ್ರೋ, ಮನೆ ಕಥೆ ಮುಗೀತು. ಮರದೊಳಕ್ಕೆ ಇಳಿಯೋ ಭಾಗ ಒಂದೂಕಾಲಿಂಚು ಮೀರಬಾರದು ಅಂತ ಕರಾರಿನಲ್ಲೇ ಬರೆಸಿ, ಜೊತೆಗೆ ಮೂಲೆಯಲ್ಲಿ ಒಂದು ಸ್ಕ್ರೂ ಹೊಡೆಸಿ ಒಳಗೆ ನೋಡಿದ ಮೇಲೇ ಮುಂದುವರಿಯೋಕೆ ಬಿಡಿ.

ಇನ್ಸುಲೇಷನ್ ಹಲಗೆ ಮೇಲೇ ಬರಬೇಕು, ಬೇರೆ ದಾರಿ ಇಲ್ಲ. ಮೂರಿಂಚು ಪಾಲಿಐಸೊ (ಗಟ್ಟಿ ಫೋಮ್) ಬೋರ್ಡ್ ಹಾಕಿದ್ರೆ ಸುಮಾರು ಆರ್-17 ಸಿಗತ್ತೆ, ಆರ್ ಅಂದ್ರೆ ಬಿಸಿ ತಡೆಯೋ ಅಳತೆ. ಆದ್ರೆ ಸೂರಿನ ಅಂಚಿನವರೆಗೂ ಎಳೆದ್ರೆ ಅಂಚಿನ ಮುಂಪಟ್ಟಿ ಇನ್ನೂ ಮೂರಿಂಚು ದಪ್ಪ ಆಗತ್ತೆ, ತೆಳ್ಳಗೆ ತೇಲೋ ಹಾಗಿದ್ದ ಮಾಳಿಗೆ ಟೋಪಿ ಇಟ್ಟ ಹಾಗೆ ಕಾಣತ್ತೆ. ಗೋಡೆ ಗೆರೆ ದಾಟಿ ಹೊರಗೆ ಚಾಚಿರೋ ಸೂರಿಗೆ ಇನ್ಸುಲೇಷನ್ ಯಾಕೆ ಬೇಕು? ಅಲ್ಲಿ ಬಿಸಿ ತಡೆಯೋ ಕೋಣೇನೇ ಇಲ್ಲ. ಬೋರ್ಡ್‌ನ ಗೋಡೆ ಗೆರೆಗೆ ನಿಲ್ಲಿಸಿ ಅಲ್ಲಿಂದ ಇಳಿಜಾರು ತುಂಡು ಹಾಕಿ ಅಂಚಿಗೆ ಬರೋ ಹೊತ್ತಿಗೆ ಮೂಲ ದಪ್ಪಕ್ಕೆ ತನ್ನಿ. ರಸ್ತೆಯಿಂದ ಏನೂ ಗೊತ್ತಾಗಲ್ಲ. ಸ್ಪ್ರೇ ಫೋಮ್ ಕೆಟ್ಟದ್ದು ಅಂತಲ್ಲ, ನೀರು ನಿಲ್ಲೋ ತಗ್ಗಿಗೆ ಇಳಿಜಾರು ಕೊಡೋಕೆ ಸಲೀಸು. ಅಂಚಿನಲ್ಲಿ ಗುಂಡಗೆ ಉಬ್ಬಿದ ಸಾಲು ಬಿಟ್ಟು ಹೋಗೋದೇ ಅದರ ದೋಷ.

ತೊಲೆ ತುದಿ ನೋಡಿ. ಸೂರಿಂದ ಹೊರಗೆ ಚಾಚಿದ ತುದಿ ಮೇಲ್ಮುಖದಿಂದ ನೀರು ಕುಡಿದು ಒಳಗೇ ಪುಡಿಯಾಗಿರತ್ತೆ, ಬಣ್ಣ ಮಾತ್ರ ಗಟ್ಟಿಯಾಗಿ ಕಾಣತ್ತೆ. ಸ್ಕ್ರೂಡ್ರೈವರ್ ಚುಚ್ಚಿ, ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದ್ರೆ ಕೊಳೆತಿದೆ. ಸುಲಭ ಅಂತ ಸೂರಿನ ಸಮಕ್ಕೆ ಕುಯ್ದು ಬಿಡ್ತಾರೆ, ಅದು ಮನೆ ಆಕಾರಾನೇ ಬದಲಾಯಿಸಿದ ಹಾಗೆ. ಕೊಳೆತಿದ್ದಷ್ಟೇ ತೆಗೆದು ಅದೇ ಜಾತಿ ಮರದ ತುಂಡು ಕೂಡಿಸಿ ಎಪಾಕ್ಸಿ ಹಾಕಿ, ಮೇಲ್ಮುಖಕ್ಕೆ ತಗಡಿನ ಹೊದಿಕೆ ಕೊಡಿ. ಗೆದ್ದಲು ಕಂಬದ ಬುಡದಲ್ಲಿ ನೋಡಿ.

ಗಾಜು. ಹಿಂಬದಿಯ ದೊಡ್ಡ ಹಾಳೆಗಳಿಗೆ ಈ ಬಗೆಯ ಮನೆಗಳಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಚೌಕಟ್ಟೇ ಇರಲ್ಲ, ಕಂಬಕ್ಕೇ ಮರದ ಬೀಡಿಂಗ್ ಪಟ್ಟಿ ಹೊಡೆದು ಗಾಜು ಕೂರಿಸಿರ್ತಾರೆ. ಕಾಲಿಂಚು ಗಾಜು ಚದರಡಿಗೆ ಸುಮಾರು ಮೂರೂಕಾಲು ಪೌಂಡ್, ಅಂದ್ರೆ 4×8 ಅಡಿ ಹಾಳೆ ನೂರು ಪೌಂಡ್ ದಾಟತ್ತೆ. ಡಬಲ್ ಪೇನ್ ಮಾಡಿದ್ರೆ ತೂಕ ಹೆಚ್ಚುಕಮ್ಮಿ ಎರಡರಷ್ಟು, ದಪ್ಪ ಮುಕ್ಕಾಲಿಂದ ಒಂದಿಂಚು. ಇದ್ದ ಜಾಗದಲ್ಲಿ ಕೂರಲ್ಲ, ಬೀಡಿಂಗ್ ಬದಲಾಗತ್ತೆ, ಇಲ್ಲ ಅಲ್ಯೂಮಿನಿಯಂ ಚೌಕಟ್ಟು ಬರತ್ತೆ. ಹಳೇ ಗಾಜು ಸೇಫ್ಟಿ ಗಾಜು ಆಗಿರೋದು ಅಪರೂಪ, ಅದನ್ನ ಬದಲಾಯಿಸೋದು ಬುದ್ಧಿವಂತಿಕೇನೇ. ಕಾಲಿಂಚಿನ ಲ್ಯಾಮಿನೇಟೆಡ್ (ಒಡೆದರೂ ಚೂರು ಉದುರದ) ಗಾಜು ಅದೇ ಕಚ್ಚಿನಲ್ಲಿ ಕೂರತ್ತೆ. ಎನರ್ಜಿ ಕೋಡ್ (ಇಂಧನ ಉಳಿತಾಯದ ಕಟ್ಟಡ ನಿಯಮ) ಅಡ್ಡ ಬಂದ್ರೆ, ಪಟ್ಟಿಗೆ ಸೇರಿದ ಮನೆ ಕ್ಯಾಲಿಫೋರ್ನಿಯ ಹಿಸ್ಟಾರಿಕಲ್ ಬಿಲ್ಡಿಂಗ್ ಕೋಡ್ ಕೆಳಗೆ ಬದಲಿ ದಾರಿ ಕೇಳಬಹುದು. ಅದಕ್ಕೇ ಪಟ್ಟ ಮೊದಲು, ಗಾಜು ಆಮೇಲೆ.

ಗುಡ್ಡದಂಚು:

ಇಬ್ಬರಿಗೂ ಧನ್ಯವಾದ. ಫೋಮ್ ಕೆಲಸ ನಿಲ್ಲಿಸಲು ಹೇಳಿದ್ದಾಯಿತು. ತೆರಿಗೆ ಲೆಕ್ಕ ಯಾರಾದರೂ ಬಿಡಿಸಿ ಹೇಳಿ. ಮನೆ ಕೈ ಬದಲಾಗಿ ಎರಡೇ ವರ್ಷ, ಬೆಲೆ 14 ಲಕ್ಷ ಡಾಲರ್. ನ್ಯಾಷನಲ್ ರಿಜಿಸ್ಟರ್‌ಗೂ ಜೊತೆಯಲ್ಲೇ ಹಾಕಬೇಕಾ?

ಲೆಕ್ಕದ ಪುಸ್ತಕ:

ಮಿಲ್ಸ್ ಆಕ್ಟ್ 1972ರ ರಾಜ್ಯ ಕಾಯ್ದೆ, ಜಾರಿ ಮಾಡುವುದು ಆಯಾ ನಗರ. ಪಟ್ಟಿಗೆ ಸೇರಿದ ಮಾತ್ರಕ್ಕೆ ತೆರಿಗೆ ಇಳಿಯುವುದಿಲ್ಲ, ನಗರದ ಜೊತೆ ಬೇರೆ ಒಪ್ಪಂದವೇ ಆಗಬೇಕು. ನಗರ ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದೆಯಾ, ಬೆಲೆಯ ಮಿತಿ ಎಷ್ಟು ಎಂದು ಮೊದಲು ವಿಚಾರಿಸಿ.

ಒಪ್ಪಂದದ ಮನೆಗೆ ತೆರಿಗೆ ಕಟ್ಟುವುದು ಕೊಂಡ ಬೆಲೆಯ ಮೇಲಲ್ಲ, ಬಾಡಿಗೆಗೆ ಕೊಟ್ಟಿದ್ದರೆ ಎಷ್ಟು ಬರುತ್ತಿತ್ತು ಎಂಬುದರ ಮೇಲೆ. ಉದಾಹರಣೆಗೆ ತಿಂಗಳ ಬಾಡಿಗೆ 6,000 ಡಾಲರ್ ಎಂದಿಟ್ಟುಕೊಳ್ಳಿ. ವರ್ಷಕ್ಕೆ 72,000, ಖರ್ಚು 18,000 ಕಳೆದರೆ 54,000. ಇದನ್ನು ಒಂದು ದರದಿಂದ ಭಾಗಿಸುತ್ತಾರೆ. ಆ ದರದಲ್ಲಿ ರಾಜ್ಯದ ಮಂಡಳಿ ಪ್ರತಿ ವರ್ಷ ಗೊತ್ತುಮಾಡುವ ಬಡ್ಡಿ (6 ಎಂದುಕೊಳ್ಳೋಣ), ಮಾಲೀಕರೇ ವಾಸವಿರುವ ಒಂಟಿ ಮನೆಗೆ ಅಪಾಯದ ಬಾಬ್ತು 4, ತೆರಿಗೆ 1, ಕಟ್ಟಡದ ಸವಕಳಿಗೆ ಸುಮಾರು 1, ಒಟ್ಟು ನೂರಕ್ಕೆ 12. ಬಂದ ಮೌಲ್ಯ 4,50,000. ನೂರಕ್ಕೆ ಒಂದರಂತೆ ತೆರಿಗೆ 4,500. ಈಗಿನದು 14,000ಕ್ಕೆ ಹತ್ತಿರ. ಸ್ಥಳೀಯ ಹೆಚ್ಚುವರಿಗಳನ್ನು ಇದರಲ್ಲಿ ಸೇರಿಸಿಲ್ಲ.

ಇದು ಹೊಸದಾಗಿ ಕೊಂಡವರ ಲಾಭ. 1988ರಲ್ಲಿ 2 ಲಕ್ಷಕ್ಕೆ ಕೊಂಡ ಪಕ್ಕದ ಮನೆಯವರಿಗೆ 1978ರ ಪ್ರೊಪೊಸಿಷನ್ 13ರ ಪ್ರಕಾರ ಮೌಲ್ಯ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರುವಂತಿಲ್ಲ. 2025ಕ್ಕೆ ಹೆಚ್ಚೆಂದರೆ 4,16,000 ಆಗಿರುತ್ತೆ. ಇದು ಮತ್ತು ಬಾಡಿಗೆಯ ಲೆಕ್ಕದ ಮೌಲ್ಯ, ಇವೆರಡರಲ್ಲಿ ಕಡಿಮೆ ಇರುವುದನ್ನೇ ಹಿಡಿಯುವುದರಿಂದ ಅವರಿಗೆ ಮಿಲ್ಸ್‌ನಿಂದ ಬಿಡಿಗಾಸೂ ಉಳಿಯದು.

ಬದಲಿಗೆ ಕೊಡಬೇಕಾದ್ದು: ಕನಿಷ್ಠ 10 ವರ್ಷದ ಒಪ್ಪಂದ, ಪ್ರತಿ ವರ್ಷ ತಾನಾಗಿ ಒಂದು ವರ್ಷ ಮುಂದಕ್ಕೆ ಸರಿಯುತ್ತಲೇ ಇರುತ್ತೆ. ಮನೆ ಮಾರಿದರೂ ಒಪ್ಪಂದ ಮನೆಯ ಜೊತೆಗೇ ಹೋಗುತ್ತೆ. ಐದು ವರ್ಷಕ್ಕೊಮ್ಮೆ ತಪಾಸಣೆ. ಯಾವ ವರ್ಷ ಯಾವ ಕೆಲಸ ಎಂಬ ಪಟ್ಟಿ ನೀವೇ ಕೊಡಬೇಕು, ಮಾಳಿಗೆ, ತೊಲೆ ತುದಿ, ಗಾಜು ಮೊದಲ ಮೂರು ವರ್ಷದಲ್ಲಿ ಬರೆಯಿರಿ. ಮಾತು ತಪ್ಪಿ ಒಪ್ಪಂದ ರದ್ದಾದರೆ ದಂಡ ಮಾರುಕಟ್ಟೆ ಬೆಲೆಯ ನೂರಕ್ಕೆ 12.5. ನಿಮ್ಮ ಬೆಲೆಗೆ 1,75,000 ಡಾಲರ್.

ನ್ಯಾಷನಲ್ ರಿಜಿಸ್ಟರ್ ಈಗ ಬೇಡ. ಕೇಂದ್ರದ ನೂರಕ್ಕೆ 20ರ ತೆರಿಗೆ ವಿನಾಯಿತಿ ಆದಾಯ ತರುವ ಕಟ್ಟಡಗಳಿಗೆ, ನೀವೇ ವಾಸಿಸುವ ಮನೆಗಲ್ಲ.

ಹಳೇ ಬಾಗಿಲು:

ಒಂದು ತಪ್ಪು ನಂಬಿಕೆ ಎಲ್ಲರಿಗೂ ಇದೆ. ನ್ಯಾಷನಲ್ ರಿಜಿಸ್ಟರ್‌ನಲ್ಲಿ ಹೆಸರಿದ್ದರೂ ಮಾಲೀಕರು ತಮ್ಮ ಸ್ವಂತ ದುಡ್ಡಲ್ಲಿ ಮನೆ ಕೆಡವುವುದನ್ನು ಅದು ತಡೆಯಲ್ಲ. ಎಚ್‌ಸಿಎಂ ಕೂಡ ಶಾಶ್ವತ ಬೀಗವಲ್ಲ: ಕೆಡವುವ ಪರ್ಮಿಟ್‌ಗೆ ಕಮಿಷನ್ 180 ದಿನ ಆಕ್ಷೇಪಿಸಬಹುದು, ಕೌನ್ಸಿಲ್ ಇನ್ನೊಂದು 180 ದಿನ ಎಳೆಯಬಹುದು, ಜೊತೆಗೆ ರಾಜ್ಯದ ಪರಿಸರ ಕಾಯ್ದೆಯ ಪರಿಶೀಲನೆ. ಸ್ಥಳೀಯ ರಕ್ಷಣೆಯೇ ಇಲ್ಲದಿದ್ದರೆ ಏನಾಗುತ್ತೆ ಅನ್ನುವುದಕ್ಕೆ ಹೆಸರಾಂತ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಕ್ಯಾಲಿಫೋರ್ನಿಯದ ರ‍್ಯಾಂಚೊ ಮಿರಾಜ್‌ನಲ್ಲಿ 1962ರಲ್ಲಿ ಕಟ್ಟಿದ ಮ್ಯಾಸ್ಲನ್ ಮನೆ ನೋಡಿ. 2002ರಲ್ಲಿ ಕೈ ಬದಲಾಯಿತು, ಅದೇ ವರ್ಷ ನೆಲಸಮ.

ಆದರೂ ವಯಸ್ಸಿನ ಮಿತಿ ಇಲ್ಲದಿರುವುದು ಸಣ್ಣ ಮಾತಲ್ಲ. ದೆಹಲಿಯ ಪ್ರದರ್ಶನ ಭವನ ಹಾಲ್ ಆಫ್ ನೇಷನ್ಸ್ 1972ರದ್ದು. 60 ವರ್ಷ ಆಗಿಲ್ಲ ಅಂತ ಪಾರಂಪರಿಕ ಪಟ್ಟಿಗೆ ಸೇರಲೇ ಇಲ್ಲ, 2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದರು.

ತೊಲೆಕಂಬ:

ಕಾರ್‌ಪೋರ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಈ ಮನೆಗಳಿಗೆ ಅದನ್ನ ಮುಚ್ಚೋದು ಅತಿ ಸಾಮಾನ್ಯ ಬದಲಾವಣೆ, ಅದೊಂದರಿಂದಲೇ ಅರ್ಜಿ ಬೀಳೋದು ಕಡಿಮೆ. ಮೂಲ ಕಂಬಗಳು ಹೊಸ ಗೋಡೆ ಒಳಗೆ ಇನ್ನೂ ನಿಂತಿವೆಯಾ ನೋಡಿ. ಒಳಗಡೆಯಿಂದ ಬೋರ್ಡ್‌ಗೆ ಅಂಗೈ ಅಗಲದ ಒಂದು ಕಿಂಡಿ ಕುಯ್ದರೆ ಸಾಕು. ಕಂಬ ಇದ್ದರೆ ಫೋಟೋ ತೆಗೆದು ‘ಹಿಂದಕ್ಕೆ ತರಬಹುದಾದ ಬದಲಾವಣೆ’ ಅಂತ ಅರ್ಜಿಯಲ್ಲಿ ಬರೀರಿ, ಮಿಲ್ಸ್ ಪಟ್ಟಿಯಲ್ಲಿ ಗೋಡೆ ತೆಗೆಯೋ ವರ್ಷಾನೂ ಹಾಕಿ. ಲುವಾನ್ ಗೋಡೆಗೆ ಮಾತ್ರ ಬಣ್ಣ ಬಳಿಯೋಕೆ ಯಾರನ್ನೂ ಬಿಡಬೇಡಿ. ಮೇಲಿನ ತೊಗಲು ಕಾಗದದಷ್ಟು ತೆಳು, ಬಣ್ಣ ತೆಗೆಯೋಕೆ ಉಜ್ಜಿದ್ರೆ ಅದೂ ಜೊತೆಗೇ ಎದ್ದು ಬರತ್ತೆ. ಎಚ್‌ಸಿಎಂ ಮನೆಗೆ ಒಳಾಂಗಣಾನೂ ಲೆಕ್ಕಕ್ಕೆ ಬರತ್ತೆ.