ಆಯಿಲ್ ಮ್ಯಾಕ್ಸ್ ಗೆರೆ ದಾಟಿದ್ರೆ ಹಳೇ ಕಾರು ಹೀಟ್ ಆಗುತ್ತಾ?

ಹಾಸನ_ಹುಡುಗ:
ಅಪ್ಪನ ಹತ್ರ 2004ನೇ ಮಾಡೆಲ್ ಪೆಟ್ರೋಲ್ ಕಾರಿದೆ. ಹೋದ ತಿಂಗಳು ಆಯಿಲ್ ಬದಲಾಯಿಸಿದ್ವಿ. ಮೊನ್ನೆ ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆವು, ಮುಂದೆ ಲಾರಿಗಳ ಸಾಲು, ಫಸ್ಟ್ ಗೇರಲ್ಲೇ ಬರಬೇಕಾಯಿತು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಗಿಬಿಟ್ಟಿತು. ಮನೆಗೆ ಬಂದು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ನೋಡಿದರೆ ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿದೆ. ಇದರಿಂದಲೇ ಹೀಟ್ ಆಯ್ತಾ? ಅಪ್ಪ, ಅಮ್ಮ ಇದೇ ಗಾಡಿಯಲ್ಲಿ ಧರ್ಮಸ್ಥಳಕ್ಕೆ ಹೊರಡುವವರಿದ್ದಾರೆ, ಅದಕ್ಕೇ ಭಯ.

ಸ್ಪ್ಯಾನರ್_ಶೆಟ್ಟಿ:
ಆಯಿಲ್ ಜಾಸ್ತಿ ಆದರೆ ತೊಂದರೆ ಇದೆ, ಆದರೆ ಮುಳ್ಳು ಕೆಂಪಿಗೆ ಹೋಗೋಕೆ ಅದೊಂದೇ ಕಾರಣ ಆಗೋದು ಅಪರೂಪ. ಎಂಜಿನ್ ಕೆಳಗೆ ಆಯಿಲ್ ನಿಲ್ಲೋ ಚೇಂಬರಿನಲ್ಲಿ ಮಟ್ಟ ಮೇಲೆ ಬಂದರೆ, ತಿರುಗುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸೋ ದಂಡ) ಅದನ್ನು ಕಡೆದು ನೊರೆ ಎಬ್ಬಿಸುತ್ತೆ. ನೊರೆಯಲ್ಲಿ ಗಾಳಿ ಇರುತ್ತಲ್ವಾ, ಪಂಪ್ ಆ ಗಾಳಿಯನ್ನೂ ಎಳೆಯುತ್ತೆ, ಪ್ರೆಶರ್ ಬೀಳುತ್ತೆ, ಬೇರಿಂಗ್ ಸವೆಯುತ್ತೆ, ಆಯಿಲ್ ಕೂಡ ಬಿಸಿ ಆಗುತ್ತೆ. ಹಳೇ ಎಂಜಿನ್ ಆದರೆ ಸೀಲ್‌ನಿಂದ ಸೋರೋದು, ಏರ್ ಫಿಲ್ಟರ್‌ಗೆ ಆಯಿಲ್ ಬರೋದು, ನೀಲಿ ಹೊಗೆ, ಇವು ಮೊದಲು ಕಾಣಿಸುತ್ತವೆ. ನಿಮ್ಮ ಮುಳ್ಳು ತೋರಿಸೋದು ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡೋ ದ್ರವದ ಬಿಸಿಯನ್ನ. ಅದಕ್ಕೆ ಫ್ಯಾನ್, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡೋ ವಾಲ್ವ್), ರೇಡಿಯೇಟರ್, ವಾಟರ್ ಪಂಪ್ ಕಡೆ ನೋಡಿ.

ಮಲ್ನಾಡ್_ರೋಡ್:
ಅದಕ್ಕೂ ಮುಂಚೆ ಒಂದು ಮಾತು. ಆಯಿಲ್ ಬದಲಾಯಿಸಿದ ದಿನವೇ ಲೆವೆಲ್ ಅಷ್ಟಿತ್ತಾ, ಇಲ್ಲ ಆಮೇಲೆ ಏರಿತಾ? ಯಾರೂ ಸುರಿಯದೆ ಆಯಿಲ್ ಏರಿದರೆ ಕೂಲೆಂಟ್ ಒಳಗೆ ಇಳಿದಿರಬಹುದು, ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿರಬಹುದು. ಅಂಥ ಗಾಡಿ ಹೀಟ್ ಆಗುತ್ತೆ, ಆಯಿಲೂ ಏರುತ್ತೆ, ನಾವು ಸುಮ್ನೆ ಆಯಿಲ್ ಮೇಲೆ ತಪ್ಪು ಹಾಕ್ತೀವಿ. ಆಯಿಲ್ ಮುಚ್ಚಳ ತೆಗೆದು ಒಳಗಡೆ ನೋಡಿ. ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಇದ್ದು, ಡಿಪ್‌ಸ್ಟಿಕ್ ಮೇಲಿನ ಆಯಿಲೂ ಹಾಗೇ ಕಂಡರೆ ಗಾಡಿ ಸ್ಟಾರ್ಟೇ ಮಾಡಬೇಡಿ. ಮುಚ್ಚಳದಲ್ಲಿ ಮಾತ್ರ ಸ್ವಲ್ಪ ಇದ್ದರೆ ಮಳೆಗಾಲದ ತೇವವೂ ಇರಬಹುದು. ಆಯಿಲಿಗೆ ಪೆಟ್ರೋಲ್ ವಾಸನೆ ಬಂದರೆ ಅದು ಬೇರೆ ಕಥೆ, ಅದನ್ನೂ ತೋರಿಸಿ.

ಹಾಸನ_ಹುಡುಗ:
ಈಗಷ್ಟೇ ನೋಡಿದೆ. ಮುಚ್ಚಳ ಕ್ಲೀನ್ ಇದೆ, ಆಯಿಲ್ ಜೇನಿನ ಬಣ್ಣ. ಗ್ಯಾರೇಜ್‌ನವರನ್ನು ಕೇಳಿದರೆ ಕ್ಯಾನಿನಲ್ಲಿ ಇದ್ದದ್ದನ್ನೆಲ್ಲ ಸುರಿದೆವು ಅಂದರು. ಆದರೆ ಕೂಲೆಂಟ್ ಬಾಟಲಿಯಲ್ಲಿ ತುಕ್ಕು ಬಣ್ಣದ ನೀರಿದೆ. ಅಪ್ಪ ಬೋರ್‌ವೆಲ್ ನೀರೇ ಹಾಕ್ತಾ ಇದ್ದರಂತೆ.

ಸ್ಪ್ಯಾನರ್_ಶೆಟ್ಟಿ:
ಸಿಕ್ತು ನೋಡಿ! ಬೋರ್ ನೀರಿನ ಸುಣ್ಣ, ತುಕ್ಕು ರೇಡಿಯೇಟರ್ ಪೈಪಿನಲ್ಲಿ ಕೂತಿರುತ್ತೆ. ಸಪಾಟು ರಸ್ತೆಯಲ್ಲಿ ಗೊತ್ತಾಗಲ್ಲ. ಘಾಟಿಯಲ್ಲಿ ಎಂಜಿನ್ ಬೆವರು ಸುರಿಸುತ್ತೆ, ಗಾಳಿಯೂ ಸಾಲದು. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಫ್ಲಶ್ ಮಾಡಿಸಿ, ಡಿಸ್ಟಿಲ್ಡ್ ನೀರು ಬೆರೆಸಿದ ಸರಿಯಾದ ಕೂಲೆಂಟ್ ಹಾಕಿಸಿ. ಎಸಿ ಇದ್ದರೆ ಆನ್ ಮಾಡಿ, ಫ್ಯಾನ್ ತಿರುಗಿದರೆ ಮೋಟರ್ ಸರಿ ಇದೆ. ಎಸಿ ಇಲ್ಲದಾಗ ಬಿಸಿಯಾದರೂ ತಿರುಗದೇ ಇದ್ದರೆ ಫ್ಯಾನ್ ಸ್ವಿಚ್ ಹೋಗಿರಬಹುದು. ಥರ್ಮೋಸ್ಟಾಟ್ ಅಂಟಿಕೊಂಡಿದ್ದರೆ ಹೊಸದು ಹಾಕಿಸಿ, ಕಿತ್ತು ಬಿಸಾಡಿ ಓಡಿಸಬೇಡಿ.

ಮಲ್ನಾಡ್_ರೋಡ್:
ಜಾಸ್ತಿ ಆಯಿಲನ್ನು ಡಿಪ್‌ಸ್ಟಿಕ್ ತೂತಿನಿಂದ ಸಣ್ಣ ಪೈಪ್, ಸಿರಿಂಜ್ ಹಾಕಿ ಎಳೆಯಬಹುದು, ಚೇಂಬರ್ ಬೋಲ್ಟ್ ಬಿಚ್ಚೋದು ಬೇಡ. ಸಪಾಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗೆರೆಗಳ ನಡುವೆ ಇದ್ದರೆ ಸಾಕು. ಧರ್ಮಸ್ಥಳಕ್ಕೆ ಹೋಗೋ ಮುಂಚೆ ಸಕಲೇಶಪುರದವರೆಗೆ ಒಮ್ಮೆ ಓಡಿಸಿ ಮುಳ್ಳು ನೋಡಿ. ದಾರಿಯಲ್ಲಿ ಹೀಟ್ ಆದರೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ ಅಂತ ಅಪ್ಪನಿಗೆ ಖಂಡಿತ ಹೇಳಿ, ಕುದಿಯೋ ನೀರು ಮುಖಕ್ಕೇ ಚಿಮ್ಮುತ್ತೆ.